ತೆಗೆಯಲಾಗದ ಆ ಒಂದು ಸಾಲು

ಟ್ರೇನಿಂಗ್ ಮುಗಿದ ದಿನ ಫ್ರೆಂಡ್ಸ್‌ಗೆಲ್ಲ ಜಾವಾ ಪ್ರಾಜೆಕ್ಟ್ ಸಿಕ್ತು, ನನಗೆ ಮೇನ್‌ಫ್ರೇಮ್ ಮೇಲೆ ಕೋಬಾಲ್. "ಅಯ್ಯೋ, ನಮ್ಮಪ್ಪನ ಕಾಲದ್ದಲ್ವೇನೇ ಅದು?" ಅಂತ ನಕ್ಕರು. ನಾನೂ ನಕ್ಕೆ. ಪಿಜಿಗೆ ಬಂದವಳೇ ಬೇರೆ ಕಂಪನಿಗಳಿಗೆ ರೆಸ್ಯೂಮೆ ಕಳಿಸಿದೆ.

ನಿಜಕ್ಕೂ ಕೋಬಾಲ್ ನಮ್ಮಪ್ಪನಿಗಿಂತ ದೊಡ್ಡದು. ಅದರ ಕೆಲಸ ಶುರುವಾಗಿದ್ದು 1959ರಲ್ಲಿ. ಆದರೆ ಅದು ಓಡುವ ಮೆಷೀನ್ ಹಳೆಯದಲ್ಲ. 1964ರ ಸಿಸ್ಟಂ/360ರಿಂದ ಹಿಡಿದು, ಹಳೇ ಪ್ರೋಗ್ರಾಂಗಳು ಹೊಸ ಮೇನ್‌ಫ್ರೇಮ್‌ನಲ್ಲೂ ನಡೆಯುವಂತೆ ಐಬಿಎಂ ನೋಡಿಕೊಂಡು ಬಂದಿದೆ.

ಇನ್ನು ದುಡ್ಡಿನ ಲೆಕ್ಕ. ನಾವು ಕಾಲೇಜಲ್ಲಿ ಕಲಿತ ಫ್ಲೋಟ್ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತೆ. ಜಾವಾದಲ್ಲೂ ಇದಕ್ಕೆ ಬೇರೆ ದಾರಿ ಇದೆ, ನಿಜ. ಕೋಬಾಲ್‌ನಲ್ಲಿ ಮಾತ್ರ ಪೈಸೆಯ ಲೆಕ್ಕ ಮೊದಲಿಂದಲೂ ಭಾಷೆಯೊಳಗೇ ಇದೆ.

ಹಾಗಂತ ಕಂಪನಿಗಳು ಹಳೆಯದನ್ನು ಬಿಡದಿರೋದು ಬರೀ ಇದಕ್ಕಲ್ಲ. ಅದು ಅರ್ಥವಾಗಿದ್ದು ನನ್ನ ತಪ್ಪಿನಿಂದ.

ನಮ್ಮ ಕ್ಲೈಂಟ್ ಹೊರದೇಶದ ವಿಮಾ ಕಂಪನಿ. ಕೋಡ್‌ನಲ್ಲಿ ಒಂದು 'ಇಫ್' ಸಾಲಿತ್ತು. ಯಾಕಿದೆ ಅಂತ ಕಾಮೆಂಟ್ ಇಲ್ಲ, ಡಾಕ್ಯುಮೆಂಟ್ ಇಲ್ಲ. ಯಾವುದೋ ಕಾಲದ್ದು ಅಂದುಕೊಂಡು ತೆಗೆದೆ. ಪುಣ್ಯಕ್ಕೆ ಟೆಸ್ಟಿಂಗ್‌ನಲ್ಲೇ ಸಿಕ್ಕಿಬಿತ್ತು: ಕೆಲವು ವೃದ್ಧರ ತಿಂಗಳ ಪಿಂಚಣಿ ಕಡಿಮೆಯಾಗಿತ್ತು.

ರಿಟೈರ್ ಆಗಲಿದ್ದ ನಮ್ಮ ಲೀಡ್ ಬೈಯಲಿಲ್ಲ. "ಆ ಪಾಲಿಸಿ ಮಾರೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು ಕಣಮ್ಮ. ಆದ್ರೆ ತಗೊಂಡವರು ಇನ್ನೂ ಬದುಕಿದ್ದಾರಲ್ಲ" ಅಂದರು.

ಇಂಥ ಸಾಲುಗಳು ಲಕ್ಷಗಟ್ಟಲೆ ಇರುತ್ತವೆ. ಭಾಷೆ ಬದಲಾಯಿಸೋದು ಕಷ್ಟವಲ್ಲ, ಪ್ರತಿ ಸಾಲು ಯಾರಿಗೆ ಕೊಟ್ಟ ಮಾತು ಅಂತ ಹುಡುಕೋದು ಕಷ್ಟ. ವ್ಯವಸ್ಥೆ ಬದಲಿಸುವಾಗ ಎಡವಿದರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಇದೆ. 2018ರ ಏಪ್ರಿಲ್‌ನಲ್ಲಿ ಅದು ಹೊಸ ವ್ಯವಸ್ಥೆಗೆ ಹೋಯಿತು. ಡೇಟಾ ಸರಿಯಾಗೇ ದಾಟಿತು, ವ್ಯವಸ್ಥೆ ಕೈಕೊಟ್ಟಿತು. ಲಕ್ಷಾಂತರ ಜನಕ್ಕೆ ತಮ್ಮದೇ ಖಾತೆ ತೆರೆಯಲಾಗಲಿಲ್ಲ. 2022ರಲ್ಲಿ ಬ್ಯಾಂಕಿಗೆ ಬಿದ್ದ ದಂಡ 4.865 ಕೋಟಿ ಪೌಂಡ್.

ಹಾಗೇ ಇಟ್ಟುಕೊಂಡರೂ ಅಪಾಯ ತಪ್ಪಿದ್ದಲ್ಲ. 2020ರ ಕೊರೊನಾ ಹೊತ್ತಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ 'ಕೋಬಾಲ್ ಬಲ್ಲವರು ಬನ್ನಿ' ಅಂತ ಬಹಿರಂಗವಾಗಿ ಕೇಳಬೇಕಾಯ್ತು.

ನಮ್ಮ ಲೀಡ್ ಹೋಗುವ ಮುಂಚಿನ ಒಂದು ತಿಂಗಳು ದಿನಾ ಸಂಜೆ ಅವರ ಪಕ್ಕ ಕೂತು ಕೇಳಿ ಕೇಳಿ ಬರೆದುಕೊಂಡೆ. ಆ 'ಇಫ್' ಸಾಲನ್ನು ವಾಪಸ್ ಹಾಕಿ, ಮೇಲೆ ಮೂರು ಸಾಲು ಕಾಮೆಂಟ್ ಬರೆದೆ. ರೆಸ್ಯೂಮೆ ಕಳಿಸೋದು ಅಲ್ಲಿಗೆ ನಿಂತಿತು.