ಸೆಲ್ಫ್ ತೆಗೆದುಕೊಳ್ಳದ ಪಿಕಪ್ ಮತ್ತು ಪರೀಕ್ಷೆಯ ಕೂಲಿ

ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೂ, ಗುಬ್ಬಿಯ ತೆಂಗು–ಅಡಿಕೆ ವರ್ತಕರಿಗೂ, ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಮಾಲು ಕಳುಹಿಸುವವರಿಗೂ ಪಿಕಪ್ ವಾಹನ ಎಷ್ಟು ಅನಿವಾರ್ಯವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಹಲವರಿಗೆ ಇರುವುದು ಒಂದೇ ವಾಹನ. ಮಾಲು ತುಂಬಿ ನಿಂತ ಆ ವಾಹನ ನಸುಕಿನಲ್ಲಿ ಸೆಲ್ಫ್ ತೆಗೆದುಕೊಳ್ಳದಿದ್ದರೆ ಆ ದಿನದ ವ್ಯಾಪಾರವೇ ಕೈತಪ್ಪುತ್ತದೆ.

ಅನಂತರ ನಡೆಯುವುದೂ ಬಹುತೇಕ ಒಂದೇ ಕಥೆ. ಮೊದಲು ಹೊಸ ಬ್ಯಾಟರಿ. ವಾರದೊಳಗೆ ಮತ್ತೆ ಅದೇ ತೊಂದರೆ ಬಂದಾಗ ಸೆಲ್ಫ್ ಮೋಟಾರ್ ಬಿಚ್ಚಲಾಗುತ್ತದೆ; ಆಮೇಲೆ ಇಗ್ನಿಷನ್ ಸ್ವಿಚ್ಚು. ಸಾವಿರಾರು ರೂಪಾಯಿ ವ್ಯಯವಾದ ಬಳಿಕ, ಎಂಜಿನ್ನಿಗೂ ಛಾಸಿಗೂ ನಡುವಿನ ಅರ್ತ್ ಪಟ್ಟಿ ತುಕ್ಕು ಹಿಡಿದಿತ್ತೆಂಬುದು ತಿಳಿಯುತ್ತದೆ. ಇದಕ್ಕೆ ಎಲೆಕ್ಟ್ರಿಷಿಯನ್ನರನ್ನು ಮಾತ್ರ ದೂರುವುದು ನ್ಯಾಯವಲ್ಲ. ಬಿಡಿಭಾಗದ ಬೆಲೆಯನ್ನು ನಾವು ತಕರಾರಿಲ್ಲದೆ ಕೊಡುತ್ತೇವೆ. ಅರ್ಧ ಗಂಟೆ ಹುಡುಕಿ ಒಂದು ಬೋಲ್ಟ್ ಉಜ್ಜಿ ಬಿಗಿ ಮಾಡಿದವರಿಗೆ ಮಾತ್ರ, ‘ಅಷ್ಟಕ್ಕೇನು ಕೂಲಿ’ ಎನ್ನುತ್ತೇವೆ. ಹುಡುಕುವುದಕ್ಕೆ ಬೆಲೆಯಿಲ್ಲದ ಪೇಟೆಯಲ್ಲಿ ಬಿಡಿಭಾಗಗಳು ಬದಲಾಗುತ್ತಲೇ ಇರುತ್ತವೆ.

ವಾಹನ ತಾನೇ ಕೆಲವು ಸುಳಿವು ಕೊಡುತ್ತದೆ. ಕೀಲಿ ತಿರುಗಿಸಿದಾಗ ಹೆಡ್‌ಲೈಟು ಮಂಕಾಗಿ ‘ಟಕಟಕ’ ಸದ್ದಾದರೆ ಬ್ಯಾಟರಿ ಇಳಿದಿರಬಹುದು ಅಥವಾ ಟರ್ಮಿನಲ್ ಸಡಿಲವಾಗಿರಬಹುದು. ದೀಪ ಉಜ್ವಲವಾಗಿಯೇ ಇದ್ದು ಒಂದೇ ‘ಟಕ್’ ಕೇಳಿಸಿದರೆ ಸೊಲೆನಾಯ್ಡಿನ ಒಳಗಿನ ಸಂಪರ್ಕ ಬಿಂದುಗಳ ಮೇಲೆ ಅಥವಾ ಕಾರ್ಬನ್ ಬ್ರಷ್ಷುಗಳ ಮೇಲೆ ಸಂಶಯ. ಸದ್ದೇ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್ಚು, ರಿಲೇ, ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೆಲ್ಫ್ ಮೋಟಾರನ್ನು ಮುಟ್ಟಬೇಕಾದುದೇ ಇಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲವಾದ್ದರಿಂದ ಅಲ್ಲಿ ಇಂಧನದ ಕಡೆಗೆ ನೋಡಬೇಕು.

ಆದರೆ ಸುಳಿವು ಸಾಲದು, ಅಳತೆ ಬೇಕು. ಕೆಲವು ಗಂಟೆ ನಿಂತ ವಾಹನದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ಣ ಚಾರ್ಜಿನಲ್ಲಿದೆ; 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಇಷ್ಟು ಸರಿಯಿದ್ದೂ ಮೋಟಾರು ನಿಧಾನವಾಗಿ ತಿರುಗಿದರೆ, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಸೆಲ್ಫ್ ಮೋಟಾರಿನ ದಪ್ಪ ತಂತಿಯ ಬೋಲ್ಟಿಗೂ ಇಟ್ಟು ಕೀಲಿ ತಿರುಗಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲಿದೆ. ಹಾಗೆಯೇ ಋಣ ತುದಿಗೂ ಎಂಜಿನ್ ಬಾಡಿಗೂ ನಡುವೆ 0.3 ವೋಲ್ಟ್ ದಾಟಿದರೆ ಅರ್ತ್ ದುರ್ಬಲವಾಗಿದೆ. ಸಾಮಾನ್ಯವಾಗಿ ಬಳಸುವ ಟೆಸ್ಟ್ ಬಲ್ಬು ಇಲ್ಲಿ ಮೋಸ ಮಾಡುತ್ತದೆ. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರರಲ್ಲೊಂದು ಭಾಗದ ತಡೆಯೂ 2 ವೋಲ್ಟನ್ನು ನುಂಗಿಬಿಡುತ್ತದೆ. ಸಣ್ಣ ಬಲ್ಬು ಮಾತ್ರ ಅದೇ ತಂತಿಯಲ್ಲಿ ನಿಶ್ಚಿಂತೆಯಿಂದ ಉರಿಯುತ್ತದೆ. ಮಳೆನೀರಿನೊಡನೆ ಗೊಬ್ಬರದ ಪುಡಿ, ಉಪ್ಪು ಸೇರಿ ಛಾಸಿಗೆ ಇಳಿಯುವ ವಾಹನಗಳಲ್ಲಿ ಈ ಪರೀಕ್ಷೆಯನ್ನೇ ಮೊದಲು ಮಾಡುವುದು ಲೇಸು.

ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ತುದಿಗಳನ್ನು ತಾಗಿಸಿ ಗಾಡಿ ಚಾಲೂ ಮಾಡುವ ರೂಢಿಯನ್ನು ನಿಲ್ಲಿಸಲೇಬೇಕು. ಗೇರಿನಲ್ಲಿದ್ದ ವಾಹನ ಎದುರಿದ್ದವರ ಮೇಲೆ ನುಗ್ಗಬಹುದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.–6 ವಾಹನಗಳಲ್ಲಂತೂ ಎಂಜಿನ್ನಿನ ನಿಯಂತ್ರಣವೇ ಎಲೆಕ್ಟ್ರಾನಿಕ್ ಆಗಿರುವುದರಿಂದ, ಸಿಕ್ಕ ತಂತಿಗೆ ತಂತಿ ಜೋಡಿಸುವುದು ದುಬಾರಿ ಸಾಹಸ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡಿತು. ವಿಮಾನೋದ್ಯಮದಲ್ಲಿ ಯಾವ ದುರಸ್ತಿಯೂ ದಾಖಲೆಯಿಲ್ಲದೆ ನಡೆಯುವುದಿಲ್ಲ. ಅದೇ ತಾಲ್ಲೂಕಿನ ಪಿಕಪ್ಪಿಗೆ ಅಷ್ಟು ಕಟ್ಟುನಿಟ್ಟು ಬೇಡ. ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ವೋಲ್ಟೇಜು ಅಂಕಿಗಳನ್ನು ಬರೆಸಿಕೊಂಡರೆ ಸಾಕು. ಬಿಲ್ಲಿನಿಂದ ಬೇರೊಂದು ಪ್ರಯೋಜನವೂ ಉಂಟು. ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಗೆ, ಕಾಂಪೋಸಿಷನ್ ಯೋಜನೆಯಲ್ಲಿರದ ನೋಂದಾಯಿತ ವರ್ತಕರು ನಿಯಮಾನುಸಾರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಚೀಟಿಯಿಲ್ಲದೆ ಕೊಂಡ ಸೆಲ್ಫ್ ಮೋಟಾರಿಗೆ ಅದೂ ಇಲ್ಲ, ಖಾತರಿಯೂ ಇಲ್ಲ.

ಆದಕಾರಣ ಪರೀಕ್ಷೆಯ ಕೂಲಿಯನ್ನು ಬಿಡಿಭಾಗದ ಬೆಲೆಯಿಂದ ಬೇರ್ಪಡಿಸಿ, ದೋಷ ಯಾವುದೇ ಇರಲಿ, ಅದನ್ನು ಸಲ್ಲಿಸುವ ಪದ್ಧತಿಗೆ ಸದಸ್ಯರು ಒಪ್ಪಬೇಕೆಂಬುದು ನನ್ನ ಸಲಹೆ. ದರವನ್ನು ವಾಣಿಜ್ಯ ಸಂಸ್ಥೆ ಮತ್ತು ನಗರದ ಆಟೋ ಎಲೆಕ್ಟ್ರಿಕಲ್ ಅಂಗಡಿಗಳವರು ಕುಳಿತು ಮಾತನಾಡಿ ಗೊತ್ತುಮಾಡಬಹುದು. ಇದರೊಡನೆ ಚಾಲಕರಿಗೆ ಮಲ್ಟಿಮೀಟರ್ ಹಿಡಿಯುವುದನ್ನು ಕಲಿಸುವ ಅರ್ಧ ದಿನದ ಶಿಬಿರವನ್ನು ಮುಂಗಾರಿಗೆ ಮೊದಲು ಏರ್ಪಡಿಸುವುದು ಸೂಕ್ತ. ಅದನ್ನು ತುಮಕೂರಿನಲ್ಲಿ ಮಾತ್ರ ನಡೆಸದೆ ಗುಬ್ಬಿ, ಕುಣಿಗಲ್‌ಗಳಲ್ಲಿಯೂ ಬೇರೆ ಬೇರೆ ದಿನ ನಡೆಸಬೇಕು. ದುಡಿಮೆಯ ದಿನ ಗಾಡಿ ನಿಲ್ಲಿಸಿ ಇಲ್ಲಿಯವರೆಗೆ ಬರಲು ಅಲ್ಲಿನ ಚಾಲಕರಿಗೆ ಸಾಧ್ಯವಾಗದು.