ಕಡತ ತೆರೆಯುವ ಮೊದಲ ಸಾಲು

ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಲ್ಲಿ ಬೀಸುವ ಪದಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳಿಗೆ ಪೈಥಾನ್ ಭಾಷೆಯ ನಾಲ್ಕು ಸಾಲುಗಳು ದೊಡ್ಡ ಉಪಕಾರ ಮಾಡಬಲ್ಲವು. ಒಂದು ಪದ ಎಷ್ಟು ಹಾಡುಗಳಲ್ಲಿ ಬಂದಿದೆ, ಪಾಠಾಂತರ ಎಲ್ಲೆಲ್ಲಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಕಡತವನ್ನು ತೆರೆಯುವ ಮೊದಲ ಸಾಲನ್ನು ವಿಜ್ಞಾನ ವಿಭಾಗದ ಗೆಳೆಯರಿಂದ ಬರೆಯಿಸಿಕೊಂಡರಾಯಿತು ಎಂಬ ಧೋರಣೆ ಒಪ್ಪತಕ್ಕದ್ದಲ್ಲ. ಆ ಸಾಲಿನಲ್ಲಿ ಇತ್ಯರ್ಥವಾಗುವುದು ಲಿಪಿಯ ಪ್ರಶ್ನೆ. ಅದು ಕನ್ನಡ ವಿಭಾಗಕ್ಕೆ ಸೇರಿದ್ದು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ‘ಕನ್ನಡ’ ಎಂಬುದು ಕಣ್ಣಿಗೆ ಮೂರು ಅಕ್ಷರ, ಪೈಥಾನ್‌ನ ಎಣಿಕೆಗೆ ಐದು ಸಂಕೇತ, ಕಡತದಲ್ಲಿ ಹದಿನೈದು ಬೈಟ್. ಕಡತವನ್ನು ತೆರೆಯುವಾಗ ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ, ವಿಂಡೋಸ್ ಗಣಕದಲ್ಲಿ ಸಾಮಾನ್ಯವಾಗಿ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರೂಪುಗೊಂಡ 1252 ಎಂಬ ಸಂಕೇತಪಟ್ಟಿಯೇ ಬಳಕೆಗೆ ಬರುತ್ತದೆ. ಆ ಪಟ್ಟಿಯಲ್ಲಿ ಕೆಲವು ಸ್ಥಾನಗಳು ಖಾಲಿ. ಉಕಾರದ ಕೊಂಬು ಅಥವಾ ಒತ್ತಕ್ಷರ ಕೂಡಿಸುವ ವಿರಾಮಚಿಹ್ನೆ ಎದುರಾದೊಡನೆ ಓದು ಅಲ್ಲಿಗೇ ನಿಲ್ಲುತ್ತದೆ. ಒತ್ತಕ್ಷರವಿಲ್ಲದ ಕನ್ನಡವುಂಟೆ? ಮರಾಠಿಯೂ ಎಡವುವುದು ಇದೇ ಚಿಹ್ನೆಗಳಲ್ಲಿ, ಏಕೆಂದರೆ ಯುನಿಕೋಡ್‌ನಲ್ಲಿ ದೇವನಾಗರಿ, ಕನ್ನಡಗಳ ವರ್ಣಮಾಲೆಗಳನ್ನು ಒಂದೇ ಕ್ರಮದಲ್ಲಿ ಜೋಡಿಸಲಾಗಿದೆ. ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆದರೆ ಮರಾಠಿ ಓವಿ ಮತ್ತು ಕನ್ನಡ ಪದ ಒಂದೇ ಕಡತದಲ್ಲಿ ಅಕ್ಕಪಕ್ಕ ಉಳಿಯುತ್ತವೆ. ಗಡಿಸೀಮೆಯ ಹಾಡುಗಾರ್ತಿಯ ನಾಲಗೆಯಲ್ಲಿ ಅವು ಇರುವುದೂ ಹಾಗೆಯೇ ಅಲ್ಲವೆ?

ಪೈಥಾನ್ 3.15ರಿಂದ ಯುಟಿಎಫ್-8 ತಾನಾಗಿಯೇ ಅನ್ವಯವಾಗುವಂತೆ ನಿರ್ಧಾರವಾಗಿದೆ, ಇನ್ನು ಕಲಿಯುವುದೇಕೆ ಎಂದು ಕೆಲವರು ಕೇಳಬಹುದು. ಕಾಲೇಜಿನ ಗಣಕಗಳಲ್ಲಿ ಹಳೆಯ ಆವೃತ್ತಿಗಳು ಎಷ್ಟು ವರ್ಷ ಬಾಳುತ್ತವೆಂಬುದನ್ನು ಅವರು ನೋಡಿದಂತಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಘೋರವಾದುದು. ‘ಆರ್’ ಎಂದರೆ ಓದಲು, ‘ಡಬ್ಲ್ಯು’ ಎಂದರೆ ಬರೆಯಲು ಎಂದಷ್ಟೇ ಬಾಯಿಪಾಠ ಮಾಡಿದವರಿಗೆ ‘ಡಬ್ಲ್ಯು’ವಿನ ಸ್ವಭಾವ ತಿಳಿದಿರುವುದಿಲ್ಲ. ಅದು ಕಡತವನ್ನು ತೆರೆದ ಕ್ಷಣವೇ, ಒಂದಕ್ಷರ ಬರೆಯುವ ಮುನ್ನವೇ, ಹಳೆಯದನ್ನೆಲ್ಲ ಅಳಿಸಿಬಿಡುತ್ತದೆ, ಎಚ್ಚರಿಸುವುದೂ ಇಲ್ಲ. ಎಂಬತ್ತು ದಾಟಿದ ಅಜ್ಜಿ ಒಮ್ಮೆ ಹಾಡಿದ್ದನ್ನು ಮತ್ತೊಮ್ಮೆ ಹಾಡಲು ಇರುತ್ತಾಳೆಂಬ ಭರವಸೆಯಿಲ್ಲ. ಇದ್ದುದರ ಕೊನೆಗೆ ಸೇರಿಸಲು ‘ಎ’ ಇದೆ. ಅದೇ ಹೆಸರಿನ ಕಡತ ಈಗಾಗಲೇ ಇದ್ದರೆ ಮುಂದುವರಿಯಲು ನಿರಾಕರಿಸುವ ‘ಎಕ್ಸ್’ ಸಹ ಇದೆ. ಸಂಗ್ರಹಕಾರರಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರನಿಲ್ಲ. ‘ವಿತ್’ ಎಂಬ ಪದದಿಂದ ಆರಂಭಿಸಿದರೆ ಕೆಲಸ ಮುಗಿದೊಡನೆ ಕಡತ ತಾನೇ ಮುಚ್ಚಿಕೊಳ್ಳುತ್ತದೆ, ಬರೆದದ್ದು ಸ್ಮೃತಿಯಲ್ಲೇ ಉಳಿದು ಕಳೆದುಹೋಗುವ ಭಯವಿಲ್ಲ.

ಆದ್ದರಿಂದ ಕ್ಷೇತ್ರಕಾರ್ಯದ ಮೌಖಿಕ ಪರೀಕ್ಷೆಯಲ್ಲಿ ಹಾಡಿನ ಛಂದಸ್ಸನ್ನು ಕೇಳುವ ಮೊದಲು, ಆ ಹಾಡುಗಳ ಕಡತವನ್ನು ಪರೀಕ್ಷಕರ ಎದುರಿಗೇ ತೆರೆದು, ಒಂದು ಸಾಲು ಸೇರಿಸಿ, ಮುಚ್ಚಿ, ಮತ್ತೆ ತೆರೆದು ತೋರಿಸುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು.