ರಾಜ್ಯೋತ್ಸವಕ್ಕೆ ನಮ್ಮ ಮನೆ ಹಾಡೂ ಒಂದಿರಲಿ

ನವೆಂಬರ್ ಬಂದ್ರೆ ಸಂಜಯನಗರದ ತುಂಬ ಹಳದಿ-ಕೆಂಪು ಬಾವುಟ, ಆಟೋ ಸ್ಟ್ಯಾಂಡಿನ ಸ್ಪೀಕರ್‌ನಲ್ಲಿ 'ನಿತ್ಯೋತ್ಸವ'. ನಮ್ಮ ಕಾಲೇಜಿನ ವೇದಿಕೆ ಮೇಲೂ ಅದೇ. ಅದಕ್ಕೆ ನಮ್ಮ ತಕರಾರಿಲ್ಲ. ಆದ್ರೆ ಈ ಸಲ ಅದರ ಪಕ್ಕದಲ್ಲಿ ಇನ್ನೊಂದು ಥರದ ಹಾಡಿಗೂ ಐದು ನಿಮಿಷ ಸಿಗಬೇಕು ಅಂತೀವಿ: ಹಾಡೋರು ತಮ್ಮದೇ ಮನೆ ಕಥೆ ಹೇಳೋ ಹಾಡು.

ಅದು ಹೇಗಿರುತ್ತೆ ಅಂತ ತಿಳೀಬೇಕಾದ್ರೆ ಅಮೆರಿಕದ ಕಂಟ್ರಿ ಗಾಯಕಿ ಲೊರೆಟಾ ಲಿನ್ ಅವರ 'ಕೋಲ್ ಮೈನರ್ಸ್ ಡಾಟರ್' ಕೇಳಿ. 1970ರ ಹಾಡು, ಅದೇ ಹೆಸರಲ್ಲಿ ಆಲ್ಬಂ ಬಂತು, 1980ರಲ್ಲಿ ಸಿನಿಮಾನೂ ಬಂತು. ಕೆಂಟಕಿಯ ಬೆಟ್ಟಗಳ ನಡುವೆ ಎಂಟು ಮಕ್ಕಳ ಮನೆ. ರಾತ್ರಿಯೆಲ್ಲ ಕಲ್ಲಿದ್ದಲು ಗಣಿಯಲ್ಲಿ ದುಡಿದು ಹಗಲು ಜೋಳದ ಹೊಲಕ್ಕಿಳಿಯೋ ಅಪ್ಪ. ಬಟ್ಟೆ ಉಜ್ಜಿ ಉಜ್ಜಿ ಬೆರಳಲ್ಲಿ ರಕ್ತ ಬರಿಸಿಕೊಂಡ ಅಮ್ಮ. 'ಅಯ್ಯೋ ಪಾಪ' ಅನ್ನಿಸಿಕೊಳ್ಳೋ ಆಸೆ ಆ ಹಾಡಿಗಿಲ್ಲ. ಗಣಿ ಕಾರ್ಮಿಕನ ಮಗಳು ನಾನು ಅನ್ನೋ ಹೆಮ್ಮೆಯೇ ಅದರ ಜೀವಾಳ.

ಈಗ ನಮ್ಮ ಕಡೆ ನೋಡೋಣ. 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಅಂತ ಹೆಸರಾದ ಸಂಕಲನದ ಶೀರ್ಷಿಕೆ ಗೀತೆ. ಬರೆದ ನಿಸಾರ್ ಅಹಮದ್ ನಮಗೆ ದೂರದವರಲ್ಲ. ಹೆಬ್ಬಾಳ ದಾಟಿ ಏರ್‌ಪೋರ್ಟ್ ರಸ್ತೆ ಹಿಡಿದರೆ ಸಿಗೋ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದವರು. ಓದಿದ್ದು, ಪಾಠ ಹೇಳಿದ್ದು ಭೂವಿಜ್ಞಾನ. ನಾಡನ್ನು ಹಾಡಿ ಹೊಗಳಿದ ಅದೇ ಕವಿ 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಅನ್ನೋ ಕವಿತೆನೂ ಬರೆದಿದ್ದಾರೆ. ಎಲ್ಲರ ಜೊತೆಗಿದ್ದೂ ಬೇರೆಯವನಾಗಿ ಕಾಣಿಸೋ ಮನುಷ್ಯನ ಸಂಕಟ ಅದರಲ್ಲಿದೆ. ಮೊದಲನೆಯದು ನಮಗೆ ಬಾಯಿಪಾಠ. ಎರಡನೆಯದನ್ನ ನಮ್ಮ ವೇದಿಕೆ ಮೇಲೆ ಯಾರೂ ಓದಿದ್ದಿಲ್ಲ.

'ಹಬ್ಬದ ದಿನ ಗೋಳು ಯಾಕಪ್ಪಾ?' ಅಂತ ಕೇಳೋರಿದ್ದಾರೆ. ಇದು ಗೋಳಲ್ಲ. ನಮ್ಮ ಅಜ್ಜಿಯರು ಬೀಸೋ ಕಲ್ಲಿನ ಮುಂದೆ ಕೂತು ತವರು, ಅತ್ತೆಮನೆ, ಹಸಿವು, ನಗು ಎಲ್ಲವನ್ನೂ ಹಾಡಿದವರೇ. ಮನೆಯ ಮಾತು ಹಾಡಾಗೋದು ಕನ್ನಡಕ್ಕೆ ಹೊಸದಲ್ಲ. ಕಾಲೇಜು ವೇದಿಕೆಗೆ ಮಾತ್ರ ಹೊಸದು.

ಇಲ್ಲಿನ ಪಿಜಿಗಳಲ್ಲಿ ಕೊಪ್ಪಳ, ಕೋಲಾರ, ರಾಯಚೂರು ಎಲ್ಲಾ ಇದೆ. ಹಟ್ಟಿಯಲ್ಲಿ ಇವತ್ತಿಗೂ ಅಪ್ಪಂದಿರು ಚಿನ್ನದ ಗಣಿಗೆ ಇಳೀತಾರೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಎಷ್ಟೋ ಮನೆಯವರು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಆ ಮನೆಗಳ ಮಕ್ಕಳು ಪ್ಲೇಸ್‌ಮೆಂಟ್‌ಗೆ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂತ ಎರಡು ನಿಮಿಷದ ಇಂಗ್ಲಿಷ್ ಕಂಠಪಾಠ ಮಾಡ್ತಾರೆ. ಅದರಲ್ಲಿ ಅಪ್ಪನ ದುಡಿಮೆಗೆ ಒಂದೇ ಪದ, ಅಮ್ಮನ ದುಡಿಮೆಗೆ ಅದೂ ಇಲ್ಲ. ಉಳಿದದ್ದನ್ನ ಕನ್ನಡದಲ್ಲಿ ಹೇಳೋಕೆ ಜಾಗ ಕೊಡದಿದ್ರೆ ಕನ್ನಡ ಸಂಘ ಇರೋದಾದ್ರೂ ಯಾಕೆ?

ರಾಗ ಹಾಕೋರು ನಮ್ಮಲ್ಲಿದ್ದಾರೆ, ಗಿಟಾರೂ ಇದೆ, ತಮಟೆನೂ ಇದೆ. ಪ್ರಾಸ ಕೂಡದಿದ್ರೂ ಪರವಾಗಿಲ್ಲ. ಅಪ್ಪ ಎಷ್ಟು ಗಂಟೆಗೆ ಏಳ್ತಾರೆ, ಅಮ್ಮನ ಕೈ ಹೇಗಿದೆ, ಅಷ್ಟು ಬರೆದು ತನ್ನಿ.